ನಾಯಿಯನ್ನು ಮನೆ ಮುಟ್ಟಿಸುವ ಸೇವೆ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಪುಸ್ತಕದ ವಿಷಯವನ್ನೋ ನಾಡಿನ ಚರಿತ್ರೆಯನ್ನೋ ಕುರಿತು ಮಾತು ನಡೆಯುವುದು ವಾಡಿಕೆ. ಈ ಸಲ ನಾಯಿಯ ವಿಷಯವೆಂಬುದನ್ನು ಫಲಕದಲ್ಲಿ ಓದಿ ಕೆಲವರಿಗೆ ನಗು ಬಂದಿರಬಹುದು. ಆದರೆ ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಮನೆ ಮಾಡಿರುವ ನಮ್ಮವರು ಈಚೆಗೆ ಎಲ್ಲಿ ಸೇರಿದರೂ ನಾಯಿಯ ಮಾತು ಬಾರದೆ ಇರುವುದಿಲ್ಲ. ಅಪಘಾತಕ್ಕೆ ಸಿಕ್ಕಿ ಬದುಕಿದ, ತಾಯಿಯನ್ನು ಕಳೆದುಕೊಂಡ, ಸಾಕಿದವರೇ ಬಿಟ್ಟುಹೋದ ನಾಯಿಗಳನ್ನು ಅವುಗಳಿಗೆ ಗೊತ್ತಾದ ಹೊಸ ಮನೆಗೆ ತಲುಪಿಸುವ ಕೆಲಸದಲ್ಲಿ ನಾವು ಕೆಲವರು ಬಿಡುವಾದಾಗ ತೊಡಗಿದ್ದೇವೆ. ಈ ಕೆಲಸಕ್ಕೆ ಸೇರಬೇಕೆಂದು ತರುಣರು ಬಂದು ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಹೇಳೋಣವೆಂದು ಈ ಮಾತು.

ಅವರಲ್ಲಿ ಹಲವರು ಮೊದಲು ಕೇಳುವುದು ಅಮೆರಿಕದ ವಿಷಯ. ಅಲ್ಲಿ 'ಪೈಲಟ್ಸ್ ಎನ್ ಪಾಸ್' ಎಂಬ ಸಂಸ್ಥೆ 2008ರಲ್ಲಿ ಹುಟ್ಟಿತು. ಸ್ವಂತ ಚಿಕ್ಕ ವಿಮಾನವಿರುವ ಹವ್ಯಾಸಿ ಚಾಲಕರು, ಆಶ್ರಯತಾಣಗಳು ತುಂಬಿ ತುಳುಕುವ ಊರುಗಳಿಂದ ನಾಯಿಗಳನ್ನು ಎತ್ತಿಕೊಂಡು, ಸಾಕುವವರು ಕಾದಿರುವ ಊರುಗಳಿಗೆ ಹಾರಿಸಿಕೊಂಡು ಹೋಗುತ್ತಾರೆ. ದಾರಿ ದೂರವಾದರೆ ಒಬ್ಬ ಚಾಲಕ ಅರ್ಧ ದಾರಿಯಲ್ಲಿ ಇಳಿಸುತ್ತಾನೆ, ಇನ್ನೊಬ್ಬ ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಖಾಸಗಿ ಪರವಾನಗಿಯವನು ಕೂಲಿಗೆ ಹಾರಿಸುವಂತಿಲ್ಲ. ಆದುದರಿಂದ ಇದು ಕೇವಲ ಸೇವೆ.

ದೆಹಲಿಯಲ್ಲಿ ಹೀಗೆ ಮಾಡಬಹುದೆ? 1928ರಲ್ಲಿ ಆರಂಭವಾದ ದೆಹಲಿ ಫ್ಲೈಯಿಂಗ್ ಕ್ಲಬ್ಬಿನವರು ಸಫ್ದರ್‌ಜಂಗ್ ನಿಲ್ದಾಣದಿಂದ ಬಹುಕಾಲ ಚಿಕ್ಕ ವಿಮಾನಗಳನ್ನು ಹಾರಿಸುತ್ತಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಭದ್ರತೆಯ ಕಾರಣದಿಂದ ಅಲ್ಲಿಯ ಹಾರಾಟ ನಿಂತಿತು. ರಾಜಧಾನಿಯ ಆಕಾಶ ಹವ್ಯಾಸಿಗೆ ತೆರೆದ ಬಯಲಲ್ಲ. ಹಾಗೆಂದು ನಿರಾಶೆ ಬೇಡ. ಆ ಚಾಲಕರಿಂದ ಕಲಿಯಬೇಕಾದುದು ವಿಮಾನವನ್ನಲ್ಲ, ಸರದಿಯನ್ನು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುತ್ತ, ಕಡೆಯ ಕೈ ಮನೆಯ ಬಾಗಿಲಲ್ಲಿ ನಿಂತಿರುವಂತೆ ನೋಡಿಕೊಳ್ಳುವುದೇ ಆ ವಿದ್ಯೆ. ಅದಕ್ಕೆ ಕಾರು ಸಾಕು, ರೈಲು ಸಾಕು, ನಾವು ಟಿಕೆಟು ಕೊಂಡು ಕುಳಿತುಕೊಳ್ಳುವ ವಿಮಾನವೂ ಸಾಕು.

ಯಾವ ನಾಯಿಯನ್ನು ಸಾಗಿಸಬೇಕು ಎಂಬುದಕ್ಕಿಂತ ಯಾವುದನ್ನು ಸಾಗಿಸಬಾರದು ಎಂಬುದನ್ನು ಮೊದಲು ತಿಳಿಯತಕ್ಕದ್ದು. ಬೀದಿಯಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿರುವ ನಾಯಿ ಆ ಬೀದಿಗೆ ಸೇರಿದ್ದು. 2001ರಲ್ಲಿ ಬಂದು 2023ರ ಮಾರ್ಚಿಯಲ್ಲಿ ಹೊಸದಾಗಿ ಬರೆಯಲ್ಪಟ್ಟ ಪ್ರಾಣಿಸಂತಾನ ನಿಯಂತ್ರಣ ನಿಯಮಗಳ ತಿರುಳೇ ಅದು: ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ನಮಗೆ ಕರುಣೆ ಬಂದಿತೆಂದು ಲಜಪತ ನಗರದ ನಾಯಿಯನ್ನು ಫರೀದಾಬಾದಿನ ಹೊರವಲಯದಲ್ಲಿ ಬಿಟ್ಟುಬಂದರೆ, ಅಲ್ಲಿಯ ನಾಯಿಗಳು ಅದನ್ನು ನಿಲ್ಲಗೊಡುವುದಿಲ್ಲ. ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೊಂದು ಬಂದು ಸೇರುತ್ತದೆ. ಅದು ಸೇವೆಯಲ್ಲ, ಸ್ಥಳಾಂತರ.

ಈ ಪ್ರಶ್ನೆ 2025ರಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂದಿತು. ಆ ವರ್ಷ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂದು ಪೀಠವು ದೆಹಲಿ ಮತ್ತು ಸುತ್ತಣ ಊರುಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕೆಂದು ಆಜ್ಞೆ ಮಾಡಿತು. ಆಗಸ್ಟ್ 22ರಂದು ಇನ್ನೊಂದು ಪೀಠವು ಅದನ್ನು ತಿದ್ದಿ, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವ ಸ್ವಭಾವದವುಗಳನ್ನುಳಿದು ಮಿಕ್ಕವನ್ನು ಚಿಕಿತ್ಸೆ, ಲಸಿಕೆಗಳಾದ ಮೇಲೆ ಅವುಗಳ ಜಾಗಕ್ಕೇ ಬಿಡಲು ಹೇಳಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆ ಹಿಡಿದವನ್ನು ಮತ್ತೆ ಅಲ್ಲಿ ಬಿಡಕೂಡದೆಂದು ಆಜ್ಞೆಯಾಯಿತು. ನೆರೆಹೊರೆಯವರು ಎರಡು ಪಕ್ಷವಾಗಿ ನಿಂತುದನ್ನು ನೀವೂ ಕಂಡಿದ್ದೀರಿ. ನಾಯಿ ಕಚ್ಚಿದ ಮಗುವಿನ ತಾಯಿಯ ಭಯ ಸುಳ್ಳಲ್ಲ. ದಿನವೂ ಅನ್ನ ಹಾಕುವವರ ಮರುಕವೂ ಸುಳ್ಳಲ್ಲ. ಈ ಎರಡರ ನಡುವೆ ಜಗಳವಿಲ್ಲದೆ ಮಾಡಬಹುದಾದ ಕೆಲಸ ಒಂದುಂಟು: ಬೀದಿಯಲ್ಲಿ ಬಾಳಲಾರದ ಒಂದು ಜೀವಕ್ಕೆ ಒಂದು ಮನೆ ಹುಡುಕಿ ಅಲ್ಲಿಗೆ ಮುಟ್ಟಿಸುವುದು. ಆಶ್ರಯತಾಣದಲ್ಲಿ ಒಂದು ಗೂಡು ತೆರವಾದರೆ ಇನ್ನೊಂದು ಗಾಯಾಳುವಿಗೆ ಜಾಗ ದೊರೆಯುತ್ತದೆ.

ಹಾಗಾದರೆ ಆರಂಭ ಎಲ್ಲಿಂದ? ಡಿಫೆನ್ಸ್ ಕಾಲನಿಯ ಮೇಲುಸೇತುವೆಯ ಕೆಳಗೆ 1979ರಿಂದ ಇರುವ ಫ್ರೆಂಡಿಕೋಸ್, ರಾಜಾ ಗಾರ್ಡನ್ನಿನಲ್ಲಿ 1980ರಲ್ಲಿ ಆರಂಭವಾದ ಸಂಜಯ್ ಗಾಂಧಿ ಪ್ರಾಣಿ ಆರೈಕೆ ಕೇಂದ್ರ, ಇಂಥ ಹಳೆಯ ಸಂಸ್ಥೆಗಳಲ್ಲಿ ಯಾವುದಾದರೊಂದಕ್ಕೆ ಮೊದಲು ಹೋಗಿ ನೋಡಿ. ಕೆಲವು ಭಾನುವಾರ ಗೂಡು ತೊಳೆಯಿರಿ, ನಾಯಿಗಳನ್ನು ಅಡ್ಡಾಡಿಸಿರಿ. ಹೆದರಿದ ನಾಯಿ ಹೇಗೆ ನಿಲ್ಲುತ್ತದೆ, ತುಟಿ ನೆಕ್ಕುವುದಕ್ಕೂ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದಕ್ಕೂ ಅರ್ಥವೇನು ಎಂಬುದನ್ನು ಪುಸ್ತಕ ಕಲಿಸುವುದಕ್ಕಿಂತ ಅಲ್ಲಿಯ ಕೆಲಸದವರು ಚೆನ್ನಾಗಿ ಕಲಿಸುತ್ತಾರೆ.

ಆ ಮೊದಲೇ ನೀವು ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು. ಹುಚ್ಚುನಾಯಿ ರೋಗದ ಲಕ್ಷಣ ತಲೆದೋರಿದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಮುಂಜಾಗ್ರತೆಯ ಲಸಿಕೆಯನ್ನು ಮೊದಲ ದಿನ, ಏಳನೆಯ ದಿನ, ಮತ್ತೆ 21 ಅಥವಾ 28ನೆಯ ದಿನ ಕೊಡುವುದು ನಮ್ಮ ದೇಶದಲ್ಲಿ ರೂಢಿ. ಅದಾದ ಮೇಲೂ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು. 'ಸಣ್ಣ ಮರಿ, ಏನಾದೀತು' ಎನ್ನುವ ಮಾತು ಈ ಕೆಲಸದಲ್ಲಿ ಸಲ್ಲದು.

ಇನ್ನು ಸಾಗಣೆ. ಮೊದಲ ಪ್ರಶ್ನೆ ನಾಯಿಯದಲ್ಲ, ಮನೆಯದು. ಇಳಿಸಿಕೊಳ್ಳುವ ಕೈ ಯಾವುದೆಂದು ತಿಳಿಯದೆ ಎತ್ತುವ ಕೈ ಚಾಚಬಾರದು. ಆ ಮನೆಯವರೆಲ್ಲರೂ ಒಪ್ಪಿದ್ದಾರೆಯೆ, ಒಬ್ಬರು ಮಾತ್ರವೆ? ಬಾಡಿಗೆ ಮನೆಯಾದರೆ ಮಾಲೀಕರ ಮಾತೇನು? ವರ್ಗವಾದರೆ ನಾಯಿಯ ಗತಿಯೇನು? ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ? ಇಷ್ಟಕ್ಕೂ ಉತ್ತರ ಬಂದ ಮೇಲೆ, ಹೊಂದಿಕೆಯಾಗದಿದ್ದರೆ ಹಿಂದಕ್ಕೆ ಪಡೆಯುವವರು ಯಾರು ಎಂಬುದನ್ನೂ ಬರೆದಿಡಬೇಕು. ದಾರಿಯಲ್ಲಿ ಕಷ್ಟ ಬಂದರೆ ಹೇಗಾದರೂ ದಾಟಬಹುದು. ದಾರಿಯ ಕೊನೆಯಲ್ಲಿ ಬಾಗಿಲು ತೆರೆಯದಿದ್ದರೆ ದಾಟಿ ಬಂದುದೆಲ್ಲ ವ್ಯರ್ಥ.

ಎರಡನೆಯದು ಆರೋಗ್ಯ. ಲಸಿಕೆಯ ಪುಸ್ತಕ, ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಬೇಕು. ಪಾರ್ವೋ, ಡಿಸ್ಟೆಂಪರ್ ಎಂಬ ರೋಗಗಳು ಆಶ್ರಯತಾಣದ ಮರಿಗಳಿಗೆ ಯಮನಿದ್ದಂತೆ. ಹೊರಗೆ ಚೆನ್ನಾಗಿ ಕಾಣುವ ಮರಿ ನಾಲ್ಕು ದಿನದ ಮೇಲೆ ಮಲಗೀತು. ಅದಕ್ಕಾಗಿ ಎರಡು ವಾರ ಬೇರೆಯಾಗಿಟ್ಟು ನೋಡಿದ ಮರಿಯನ್ನೇ ಹೊರಡಿಸುವುದು ಲೇಸು. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಕೆಳಗೆ 1978ರಲ್ಲಿ ಪ್ರಾಣಿಗಳ ಸಾಗಣೆಗೆಂದೇ ನಿಯಮಗಳಾದವು. ಕಾಯಿದೆಯ ಹಿಂದೆ ನಿಂತು ದುಡಿದ ರುಕ್ಮಿಣೀದೇವಿ ಅರುಂಡೇಲ್ ಅವರ ಹೆಸರನ್ನು ನೀವು ನೃತ್ಯದ ಕಡೆಯಿಂದ ಬಲ್ಲಿರಿ. ಅವರು ಮೊದಲ ಅಧ್ಯಕ್ಷರಾಗಿದ್ದ ಪ್ರಾಣಿಕಲ್ಯಾಣ ಮಂಡಲಿಯ ಕಚೇರಿ 2018ರಲ್ಲಿ ಚೆನ್ನೈಯಿಂದ ನಮ್ಮ ಪಕ್ಕದ ಬಲ್ಲಭಗಢಕ್ಕೆ ಬಂದಿದೆ. ಆ ಸಾಗಣೆಯ ನಿಯಮಗಳ ಪ್ರಕಾರ ಬೇಸಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು. ಬೆಳೆದ ನಾಯಿಗೆ ಹನ್ನೆರಡು ಗಂಟೆಗೊಮ್ಮೆ, ಮರಿಗೆ ನಾಲ್ಕು ಗಂಟೆಗೊಮ್ಮೆ ಆಹಾರ. ಬೆದೆಗೆ ಬಂದ ಹೆಣ್ಣನ್ನು ಗಂಡಿನೊಡನೆ ಸಾಗಿಸಕೂಡದು.

ಮೊದಲ ಪಯಣ ಚಿಕ್ಕದಿರಲಿ. ದ್ವಾರಕೆಯಿಂದ ಗಾಜಿಯಾಬಾದಿಗೆ ಒಂದು ನಾಯಿ. ಅದು ಸರಿಹೋದ ಮೇಲೆ ನೋಯ್ಡಾದಿಂದ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಆಗ್ರಾ. ಕಾರಿನಲ್ಲಿ ಗೂಡು ಅಲುಗದಂತೆ ಕಟ್ಟಿರಬೇಕು. ನಾಯಿಗೆ ಎರಡು ಹಗ್ಗ: ಒಂದು ಕೊರಳಪಟ್ಟಿಗೆ, ಇನ್ನೊಂದು ಎದೆಪಟ್ಟಿಗೆ. ಗಾಬರಿಗೊಂಡ ನಾಯಿ ಹಿಂದಕ್ಕೆ ಜಗ್ಗಿ ಒಂದರಿಂದ ತಪ್ಪಿಸಿಕೊಂಡರೂ ಇನ್ನೊಂದು ಹಿಡಿದಿರುತ್ತದೆ. ಹೆದ್ದಾರಿಯ ಪಕ್ಕದಲ್ಲಿ ನಾಯಿ ಕೈತಪ್ಪಿ ಹೋಯಿತೆಂದರೆ ಅದು ಮತ್ತೆ ಸಿಗುವುದು ದೈವಯೋಗ. ಆದ್ದರಿಂದ ಹಗ್ಗ ಕೈಗೆ ಸುತ್ತಿಕೊಳ್ಳದೆ ಕಾರಿನ ಬಾಗಿಲು ತೆರೆಯಬಾರದು. ಮೇ, ಜೂನ್ ತಿಂಗಳಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಕಾವು ಏರುತ್ತದೆ. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. 'ಒಂದು ಲೋಟ ಚಹ ಕುಡಿದು ಬರುತ್ತೇವೆ' ಎನ್ನುವಷ್ಟರಲ್ಲಿ ಪ್ರಾಣ ಹೋದೀತು. ಜನವರಿಯ ಮಂಜಿನಲ್ಲಿ ರಾತ್ರಿಯ ಪಯಣ ಬೇಡವೇ ಬೇಡ.

ನಮ್ಮವರು ಬೇಸಗೆಗೂ ದಸರೆಗೂ ಬೆಂಗಳೂರು, ಧಾರವಾಡ, ಮೈಸೂರುಗಳಿಗೆ ಹೋಗಿಬರುವುದುಂಟಷ್ಟೆ. ಆಗ ಒಂದು ನಾಯಿಗೆ ಜೊತೆಯಾಗಬಹುದೆ ಎಂದು ಹಲವರು ಕೇಳುತ್ತಾರೆ. ಆಗಬಹುದು, ಆದರೆ ರೈಲಿನ ಕಟ್ಟಳೆ ತಿಳಿದಿರಬೇಕು. ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಇಡೀ ಕೋಣೆಯನ್ನು ನಮಗಾಗಿ ಕಾದಿರಿಸಿದ್ದರೆ ಮಾತ್ರ ನಾಯಿ ನಮ್ಮೊಡನೆ ಇರಬಹುದು. ಎರಡನೆಯ, ಮೂರನೆಯ ದರ್ಜೆಗಳಲ್ಲಾಗಲಿ ಸ್ಲೀಪರಿನಲ್ಲಾಗಲಿ ಅದಕ್ಕೆ ಎಡೆಯಿಲ್ಲ. ಎರಡು ಹಾಸಿಗೆಯ ಕೋಣೆ ದೊರೆತೀತೇ ಎಂಬುದು ಪಟ್ಟಿ ತಯಾರಾಗುವವರೆಗೆ ಖಚಿತವಿಲ್ಲ. ದೊರೆಯದಿದ್ದರೆ ಉಳಿಯುವುದು ಗಾರ್ಡಿನ ಬೋಗಿಯ ನಾಯಿಪೆಟ್ಟಿಗೆ. ಆರು ಗಂಟೆ ಮೀರಿದ ರೈಲು ಪಯಣಕ್ಕೆ ಜೊತೆಗೊಬ್ಬರು ಇರಬೇಕೆಂದು ನಿಯಮ. ಕರ್ನಾಟಕ ಎಕ್ಸ್‌ಪ್ರೆಸ್ಸಿನದು ಎರಡು ರಾತ್ರಿಯ ದಾರಿ. ಬೇಸಗೆಯಲ್ಲಿ ಆ ಪೆಟ್ಟಿಗೆಯಲ್ಲಿಟ್ಟು ಕಳಿಸುವುದಕ್ಕಿಂತ ಕಾಯುವುದು ಲೇಸು. ನವೆಂಬರ್, ಫೆಬ್ರವರಿಗಳು ಒಳ್ಳೆಯ ತಿಂಗಳು.

ಕಡೆಯದಾಗಿ ವಿಮಾನ. ದೇಶದೊಳಗೆ ಕೆಲವು ಕಂಪನಿಗಳು ಮಾತ್ರ ನಾಯಿಯನ್ನು ಒಪ್ಪುತ್ತವೆ. ತೂಕದ ಮಿತಿ ಒಂದೊಂದರಲ್ಲಿ ಒಂದೊಂದು, ಆಗಾಗ ಬದಲಾಗುವುದೂ ಉಂಟು. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನಾಯಿ ನೆಟ್ಟಗೆ ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ಗೂಡು ಇರಬೇಕು. ನಿದ್ದೆಯ ಮದ್ದು ಕೊಡಬಾರದು. ಮೊಂಡು ಮೂಗಿನ ಪಗ್ ಜಾತಿಯವಕ್ಕೆ ಉಸಿರಿನ ಅಪಾಯ ಹೆಚ್ಚು.

ಹೊರದೇಶಕ್ಕೆ ಹೋಗುವ ಪ್ರಯಾಣಿಕನ ಟಿಕೆಟಿಗೆ ನಾಯಿಯನ್ನು ಸೇರಿಸಿ, ಆ ಕಡೆಯ ನಿಲ್ದಾಣದಲ್ಲಿ ದತ್ತು ಪಡೆದವರಿಗೆ ಒಪ್ಪಿಸುವ ರೂಢಿ ದೆಹಲಿಯಲ್ಲಿ ಬೆಳೆದುಬಂದಿತು. ಬೀದಿಯ ದೇಸಿ ನಾಯಿಗಳು ಹೀಗೆ ಕೆನಡಾ, ಅಮೆರಿಕಗಳನ್ನು ಕಂಡವು. ಈಗ ದಾರಿ ಕಿರಿದಾಗಿದೆ. 2022ರ ಸೆಪ್ಟೆಂಬರ್ 28ರಿಂದ ಕೆನಡಾ ಸರಕಾರವು, ಹುಚ್ಚುನಾಯಿ ರೋಗದ ಭಯ ಹೆಚ್ಚಿರುವ ದೇಶಗಳಿಂದ ದತ್ತಿಗೆಂದು ತರುವ ನಾಯಿಗಳನ್ನು ತಡೆದಿದೆ. ಭಾರತವೂ ಆ ಪಟ್ಟಿಯಲ್ಲಿದೆ. ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಯನ್ನು ಒಳಗೆ ಬಿಡುತ್ತಿಲ್ಲ. ಚರ್ಮದಡಿ ಗುರುತಿನ ಚಿಪ್ಪು ಇರಬೇಕು. ನಮ್ಮಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿ ಗೊತ್ತಾದ ಕೆಲವು ನಿಲ್ದಾಣಗಳಲ್ಲೇ ಇಳಿಯಬೇಕು. ರಕ್ತಪರೀಕ್ಷೆಯ ಪತ್ರವಿಲ್ಲದಿದ್ದರೆ 28 ದಿನ ಪ್ರತ್ಯೇಕವಾಸ. ಯೂರೋಪಿನ ಒಕ್ಕೂಟಕ್ಕಾದರೆ ಲಸಿಕೆಯಾದ 30 ದಿನದ ಮೇಲೆ ರಕ್ತ ತೆಗೆದು, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುನ್ನ ಕಾಪಸಹೇಡಾದ ಪ್ರಾಣಿ ಕ್ವಾರಂಟೀನ್ ಕಚೇರಿಯ ಪತ್ರ ಬೇಕು. ಇಷ್ಟೂ ಕಾಗದದಲ್ಲಿ ಜೊತೆಗೆ ಹೋಗುವವರ ಹೆಸರು ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿ ಜವಾಬ್ದಾರಿಯೂ ಅವರದೇ. ಓದದೆ ರುಜು ಹಾಕಬೇಡಿ.

ಇಷ್ಟೊಂದು ಕಟ್ಟಳೆ ಕೇಳಿ ತರುಣರ ಉತ್ಸಾಹ ಕುಗ್ಗಬಾರದು. ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನ ದೊರೆಯಿತು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರಾಜ ಬೂತುಗನು, ಬೇಕಾದುದನ್ನು ಕೇಳು ಎಂದಾಗ, ಅವನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದರು. ನಾಯಿಯನ್ನು ಬೇಡಿ ಪಡೆದವನಿಗೆ ಅದರ ಮೇಲಿನ ಹೊಣೆ ಅದು ಸತ್ತ ಮೇಲೂ ಮುಗಿಯಲಿಲ್ಲ. ನಾವು ಮನೆಗಳಲ್ಲಿ ಹುಡುಕಬೇಕಾದುದು ಇಂಥ ಮಣಲೇರರನ್ನು.

ಆದುದರಿಂದ ಸೇರಬಯಸುವವರು ತಮಗೆ ತಿಂಗಳಿಗೆ ಎಷ್ಟು ಗಂಟೆ ಬಿಡುವುಂಟು, ಕಾರು ಉಂಟೋ ಇಲ್ಲವೋ, ಊರಿಗೆ ಹೋಗುವುದು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲಿಟ್ಟುಹೋಗಿ. ಕಾರಿಲ್ಲದವರು ಆ ಕಡೆಯ ಮನೆಯನ್ನು ನೋಡಿಬರಬಹುದು. ಅದು ಅರ್ಧಕ್ಕಿಂತ ಹೆಚ್ಚಿನ ಕೆಲಸ. ತಲುಪಿದ ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು ವಿಚಾರಿಸುವವರೂ ಬೇಕು.