ಬಾವುಟ ಬದಲಾದರೆ ಸಾಲದು
(ಕಿರುಗಾವಲಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. 1983ರಲ್ಲಿ ಗುಂಡೂರಾವ್ ಸರ್ಕಾರ ಹೋಯ್ತು, ರಾಮಕೃಷ್ಣ ಹೆಗಡೆ ಬಂದರು. ಆಮೇಲೆ ಎಷ್ಟೋ ಬಾವುಟ ಬದಲಾದವು. ನಮ್ಮ ಕಬ್ಬಿಗೆ ಬೆಲೆ ಕಟ್ಟೋದು ಮಾತ್ರ ಈಗಲೂ ದಿಲ್ಲಿಯೇ.

1966ರ ಕಬ್ಬು ನಿಯಂತ್ರಣ ಆದೇಶ ಏನು ಹೇಳುತ್ತೆ? ಕಬ್ಬು ಕೊಟ್ಟ 14 ದಿನದೊಳಗೆ ಹಣ. ತಡವಾದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. ಸೊಸೈಟಿ ಸಾಲದ ಗಡುವು ಮೀರಿದರೆ ನಮಗೆ ಬಡ್ಡಿ ಬೀಳುತ್ತೆ. ಕಾರ್ಖಾನೆ ಗಡುವು ಮೀರಿದಾಗ ಬಡ್ಡಿ ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಓಟಿಗೆ ಯಾರೇ ಬರಲಿ, ಜಾತಿ ಕೇಳಬೇಡಿ, ಪಕ್ಷ ಕೇಳಬೇಡಿ. ‘ಬಾಕಿಗೆ ಬಡ್ಡಿ ಕೊಡಿಸ್ತೀರಾ?’ ಅಂತ ಕೇಳಿ. ಉತ್ತರವನ್ನು ಊರ ಮುಂದೆ, ಬರವಣಿಗೆಯಲ್ಲೇ ಇಸ್ಕೊಳ್ಳಿ.