ಉತ್ತರ ಹೇಳುವ ಯಂತ್ರ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದವರು. ಬೆರಳಿನ ಸೀಮೆಸುಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಆದಕಾರಣ ಚಾಟ್‌ಜಿಪಿಟಿಯ ಮಾತು ಬಂದಾಗ ಸುಮ್ಮನಿರಲಾರೆವು. ಅದು ಹೊರಬಂದದ್ದು 2022ರ ನವೆಂಬರಿನಲ್ಲಿ. 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ಅದನ್ನು ನಿಷೇಧಿಸಿದವು. ಮೇ ತಿಂಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡವು. ಬಾಗಿಲು ಹಾಕಿದರೆ ನಿಲ್ಲುವ ಗಾಳಿಯಲ್ಲ ಇದು.

ಅದೇ ವರ್ಷ ತುರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳೊಡನೆ ಒಂದು ಪ್ರಯೋಗ ನಡೆಯಿತು. ಯಂತ್ರ ಕೈಯಲ್ಲಿದ್ದಾಗ ಗಣಿತದ ಅಭ್ಯಾಸದಲ್ಲಿ ಅಂಕ ಶೇಕಡ 48 ಏರಿತು. ಯಂತ್ರ ತೆಗೆದಿಟ್ಟು ಪರೀಕ್ಷೆ ಕೊಟ್ಟರು. ಆಗ ಅದನ್ನು ಮುಟ್ಟದೇ ಕಲಿತ ಮಕ್ಕಳಿಗಿಂತ ಇವರ ಅಂಕ ಶೇಕಡ 17 ಕಡಿಮೆ! ಸೋಜಿಗವೆಂದರೆ, ತಾವು ಹಿಂದೆ ಬಿದ್ದೆವೆಂಬುದು ಆ ಮಕ್ಕಳಿಗೇ ತಿಳಿಯಲಿಲ್ಲ. ತಪ್ಪು ಮಾಡಿ, ಅಳಿಸಿ, ಮತ್ತೆ ಬರೆಯುವ ದುಡಿಮೆ ತಪ್ಪಿತ್ತು.

ಇನ್ನೊಂದು ಗುಂಪಿಗೆ ಕೊಟ್ಟ ಯಂತ್ರ ಉತ್ತರ ಹೇಳುತ್ತಿರಲಿಲ್ಲ, ಸುಳಿವು ಕೊಡುತ್ತಿತ್ತು. ಅಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂದು ಅದಕ್ಕೆ ತಿಳಿಸಿಕೊಟ್ಟವರು ಯಾರು? ಉಪಾಧ್ಯಾಯರು.

ಬಡವರ ಮಗುವಿನ ಮೊಬೈಲಿಗೆ ಮೊದಲು ಬರುವುದು ಪುಕ್ಕಟೆ ಉತ್ತರ ಹೇಳುವ ಯಂತ್ರವೇ. ಮಾಸ್ತರರಿಲ್ಲದ ಶಾಲೆಗೆ ಅದನ್ನೇ ತೋರಿಸಿ ‘ಇದಿದೆಯಲ್ಲ’ ಎಂದರೆ ನಾವು ಒಪ್ಪುವುದಿಲ್ಲ. ಖಾಲಿ ಹುದ್ದೆ ಮೊದಲು ತುಂಬಲಿ. ಯಂತ್ರ ಹೇಗಿರಬೇಕೆಂದು ಆ ಮಾಸ್ತರರನ್ನೇ ಕೇಳಲಿ. ಮುಂದಿನ ತಾಲ್ಲೂಕು ಸಭೆಯಲ್ಲಿ ಈ ಎರಡು ಬೇಡಿಕೆಗಳನ್ನೂ ಇಡೋಣ. ನಿಮ್ಮ ಶಾಲೆಯ ಖಾಲಿ ಹುದ್ದೆಗಳ ಲೆಕ್ಕ ಬರೆದು ತನ್ನಿ.