ರಾತ್ರಿ ಕಾಲಿನ ಕಿರಿಕಿರಿ: ಹರಳೆಣ್ಣೆ, ಸಕ್ಕರೆ ಗುಳಿಗೆ ಮತ್ತು ಒಂದು ರಕ್ತ ಪರೀಕ್ಷೆ

(ಈ ವಾರದ ಸಂಚಿಕೆಯ ಮಾತಿನ ಪಠ್ಯರೂಪ)

ಇವತ್ತು ಅತಿಥಿಗಳು ಯಾರೂ ಇಲ್ಲ, ನಾನೊಬ್ಬಳೇ. ವಿಷಯವೂ ನನ್ನ ಕಾಲಿನದ್ದೇ.

ಚಿಕ್ಕವರಿದ್ದಾಗ ಕೂತಲ್ಲಿ ಕಾಲು ಅಲ್ಲಾಡಿಸಿದರೆ ಅಮ್ಮ ಗದರುತ್ತಿದ್ದರು, "ಕಾಲು ಆಡಿಸಬೇಡ, ಮನೆಗೆ ದರಿದ್ರ ಬರುತ್ತೆ" ಅಂತ. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಆದರೆ ನಾನು ಇವತ್ತು ಹೇಳ್ತಿರೋದು ಆ ಚಾಳಿಯ ಬಗ್ಗೆ ಅಲ್ಲ. ರಾತ್ರಿ ದೀಪ ಆರಿಸಿ ಮಲಗಿದ ಹತ್ತೇ ನಿಮಿಷಕ್ಕೆ ಮೀನಖಂಡದ ಒಳಗೆ ಏನೋ ಹರಿದಾಡಿದ ಹಾಗೆ ಆಗೋದು. ಚರ್ಮದ ಮೇಲಲ್ಲ, ಒಳಗೆ. ನೋವು ಅನ್ನೋ ಹಾಗಿಲ್ಲ, ತುರಿಕೆ ಅನ್ನೋ ಹಾಗೂ ಇಲ್ಲ. ಕಾಲು ಝಾಡಿಸಲೇಬೇಕು ಅನ್ನಿಸುತ್ತೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಹೋಗುತ್ತೆ. ಮತ್ತೆ ಮಲಗಿದರೆ ಮತ್ತೆ ಶುರು.

ನನಗೆ ಇದು ಜೋರಾಗಿ ಶುರುವಾಗಿದ್ದು ನಲವತ್ತನೇ ವಯಸ್ಸಿನಲ್ಲಿ. ವಾರಕ್ಕೆ ಐದಾರು ರಾತ್ರಿ. ನಮ್ಮ ಯಜಮಾನರು ನಿದ್ದೆಗಣ್ಣಲ್ಲೇ, "ಏನೇ, ಮತ್ತೆ ಎದ್ಯಾ?" ಅನ್ನೋರು. ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗೋದನ್ನೇ ಬಿಟ್ಟೆ. ಸ್ಲೀಪರ್ ಬಸ್ಸಿನ ಆ ಪೆಟ್ಟಿಗೆಯೊಳಗೆ ಕಾಲು ಮಡಚೋಕೂ ಆಗದೆ, ಎದ್ದು ಓಡಾಡೋಕೂ ಆಗದೆ ಅತ್ತಿದ್ದೀನಿ.

ಡಾಕ್ಟರ ಹತ್ತಿರ ಹೋಗಲಿಲ್ವಾ ಅಂತ ಕೇಳಬಹುದು. ಏನಂತ ಹೇಳೋದು? "ಕಾಲೊಳಗೆ ಇರುವೆ ಹರಿಯುತ್ತೆ" ಅಂತಾನಾ? ಹಾಗಾಗಿ ಎಲ್ಲರೂ ಮಾಡೋದನ್ನೇ ಮಾಡಿದೆ. ಮನೆಮದ್ದು.

ಮೊದಲು ಹರಳೆಣ್ಣೆ. ಅಮ್ಮನ ಸಲಹೆ. ಬೆಚ್ಚಗೆ ಮಾಡಿ ಮಂಡಿಯಿಂದ ಪಾದದವರೆಗೆ ತಿಕ್ಕೋದು. ಸುಳ್ಳು ಹೇಳಲ್ಲ, ಹಾಯ್ ಅನ್ನಿಸುತ್ತಿತ್ತು. ಆಮೇಲೆ ಬಕೆಟ್ಟಿನಲ್ಲಿ ಬಿಸಿನೀರು, ಕಲ್ಲುಪ್ಪು, ಅದರಲ್ಲಿ ಕಾಲಿಟ್ಟು ಕೂರೋದು. ಅದೂ ಹಾಯ್. ಆಮೇಲೆ ಮೀನಖಂಡಕ್ಕೆ ಟವೆಲ್ ಬಿಗಿಯಾಗಿ ಕಟ್ಟಿಕೊಂಡು ಮಲಗೋದು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದ್ದು: ಹಾಸಿಗೆಯ ಕೆಳಗೆ, ಕಾಲಿನ ಕಡೆ, ಒಂದು ಸೋಪು ಇಟ್ಟು ಮಲಗಿ ಅಂತ. ಮನೆಯಲ್ಲಿದ್ದ ಗಂಧದ ಸೋಪು ಇಟ್ಟೆ. ಹಾಸಿಗೆ ಘಮಘಮ ಅಂತಿತ್ತು, ಕಾಲು ಹಾಗೇ ಇತ್ತು. (ನಗು) ಮೆಗ್ನೀಸಿಯಂ ಮಾತ್ರೆ ಎರಡು ಡಬ್ಬಿ ಮುಗಿಸಿದೆ. ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಕೊನೆಗೆ ಹೋಮಿಯೋಪತಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ನಾನು ಹದಿನಾಲ್ಕು ತಿಂಗಳು ಅಲ್ಲೇ ಇದ್ದೆ. ಆ ವೈದ್ಯರ ಬಗ್ಗೆ ನನಗೆ ಕೋಪ ಇಲ್ಲ. ಮೊದಲ ಸಲ ಮುಕ್ಕಾಲು ಗಂಟೆ ನನ್ನ ಮಾತು ಕೇಳಿದರು. ಕಾಲಿನ ಕಥೆಯನ್ನು ಯಾರಾದರೂ ನಗದೆ ಕೇಳಿದ್ದು ಅದೇ ಮೊದಲು. ಜಿಂಕಮ್ ಮೆಟಾಲಿಕಮ್ ಕೊಟ್ಟರು, ಆಮೇಲೆ ರಸ್ ಟಾಕ್ಸ್. ಮತ್ತೊಂದು ಮಾತು ಹೇಳಿದರು: "ಔಷಧಿ ತಗೊಳ್ಳೋವಾಗ ಕಾಫಿ ಬಿಡಬೇಕಮ್ಮ."

ನಾನು ಅರಸೀಕೆರೆ ಕಡೆಯವಳು, ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ. ಆದರೂ ಬಿಟ್ಟೆ. ಮೂರೇ ವಾರಕ್ಕೆ ಕಾಲು ಎಷ್ಟೋ ಸುಧಾರಿಸಿತು. ಊರಿಗೆಲ್ಲ ಹೇಳಿಕೊಂಡು ಬಂದೆ. ಹಬ್ಬಕ್ಕೆ ಊರಿಗೆ ಹೋದಾಗ ಕಾಫಿ ಮತ್ತೆ ಶುರುವಾಯಿತು, ಸದ್ದಿಲ್ಲದೆ ಐದು ಲೋಟಕ್ಕೆ ಬಂತು. ಕಾಲೂ ಮೊದಲಿನ ಹಾಗೇ ಆಯಿತು. ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಪೊಟೆನ್ಸಿ ಬದಲಾಯಿಸಿದರು, ಗುಳಿಗೆ ಬದಲಾಯಿಸಿದರು. ಹೀಗೇ ವರ್ಷ ದಾಟಿತು.

ಆಗ ಸುಧಾರಿಸಿದ್ದು ಯಾತರಿಂದ? ನಾನು ಆಮೇಲೆ ಓದಿಕೊಂಡು ಯೋಚಿಸಿದ್ದನ್ನು ಹೇಳ್ತೀನಿ. ಗುಳಿಗೆ ಸೀಸೆಯ ಮೇಲೆ 30ಸಿ ಅಂತ ಇರುತ್ತೆ. ಅಂದ್ರೆ ಮೂಲ ವಸ್ತುವಿನ ಒಂದು ಪಾಲಿಗೆ 99 ಪಾಲು ದ್ರವ ಬೆರೆಸೋದು, ಅದರಲ್ಲಿ ಒಂದು ಪಾಲು ತಗೊಂಡು ಮತ್ತೆ 99 ಪಾಲು ಬೆರೆಸೋದು, ಹೀಗೆ 30 ಸಲ. ಸುಮಾರು 12ನೇ ಸಲ ದಾಟುವಷ್ಟರಲ್ಲಿ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಇರಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿ ಕೆಲಸ ಮಾಡುತ್ತೆ ಅನ್ನೋಕೆ ನಂಬುವಂಥ ಪುರಾವೆ ಯಾವ ಕಾಯಿಲೆಯಲ್ಲೂ ಇಲ್ಲ ಅಂತ ಹೇಳಿತು.

ಹಾಗಾದ್ರೆ ನನಗೆ ಆದ ಆರಾಮ ಸುಳ್ಳಾ? ಅಲ್ಲ. ಒಂದು, ಕಾಫಿ ಬಿಟ್ಟಿದ್ದೆ. ಕೆಫೀನ್ ಕೆಲವರಲ್ಲಿ ಈ ತೊಂದರೆಯನ್ನು ಹೆಚ್ಚಿಸುತ್ತೆ. ಎರಡು, ಈ ಕಾಯಿಲೆ ತಾನಾಗೇ ಏರಿಳಿಯುತ್ತೆ; ನಾವು ಮದ್ದಿಗೆ ಓಡೋದು ತೀರಾ ಜೋರಾದಾಗ, ಅಲ್ಲಿಂದ ಇಳಿಯೋದು ಹೇಗೂ ಇಳಿಯುತ್ತೆ. ಮೂರು, ನಂಬಿಕೆ. ಈ ಕಾಯಿಲೆಯ ಔಷಧ ಪ್ರಯೋಗಗಳಲ್ಲಿ ಬರೀ ಖಾಲಿ ಮಾತ್ರೆ ತಗೊಂಡವರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಚೆನ್ನಾಗಿಯೇ ಗುಣ ಕಂಡಿದೆ. ಹಾಗಾಗಿ "ನನಗೆ ಇದು ಕೆಲಸ ಮಾಡ್ತು" ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳ್ತಿಲ್ಲ. ಆದರೆ ಕೆಲಸ ಮಾಡಿದ್ದು ಅದೇನಾ ಅನ್ನೋದು ಬೇರೆ ಪ್ರಶ್ನೆ.

ಗುಳಿಗೆಯಿಂದ ನನಗೆ ನೇರವಾಗಿ ಹಾನಿ ಏನೂ ಆಗಲಿಲ್ಲ. ಹಾನಿ ಆಗಿದ್ದು ಆ ಹದಿನಾಲ್ಕು ತಿಂಗಳಿಂದ.

ಒಂದು ದಿನ ಬೇರೆ ಏನಕ್ಕೋ, ಗಂಟಲು ನೋವಿಗೆ ಅಂತ, ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋಗಿದ್ದೆ. ಎದ್ದು ಬರೋವಾಗ ಬಾಗಿಲಲ್ಲಿ ನಿಂತು ಕಾಲಿನ ವಿಷಯ ಹೇಳಿದೆ. ಅವರು ವಾಪಸ್ ಕೂರಿಸಿ ನಾಲ್ಕು ಪ್ರಶ್ನೆ ಕೇಳಿದರು. ಕಾಲು ಆಡಿಸಲೇಬೇಕು ಅನ್ನಿಸುತ್ತಾ? ಸುಮ್ಮನೆ ಕೂತಾಗ, ಮಲಗಿದಾಗಲೇ ಬರುತ್ತಾ? ನಡೆದರೆ ಕಡಿಮೆ ಆಗುತ್ತಾ? ಸಂಜೆ, ರಾತ್ರಿಯೇ ಹೆಚ್ಚಾ? ನಾಲ್ಕಕ್ಕೂ ಹೌದು ಅಂದೆ. "ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತಾರೆ" ಅಂದರು. ಹೆಸರು ಕೇಳಿಯೇ ಅರ್ಧ ಭಾರ ಇಳಿದ ಹಾಗಾಯಿತು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬೊಮ್ 1945ರಲ್ಲಿ ಈ ಹೆಸರು ಕೊಟ್ಟು ವಿವರವಾಗಿ ಬರೆದರು. ಬೆಂಗಳೂರಿನಲ್ಲೇ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 100ಕ್ಕೆ ಇಬ್ಬರಲ್ಲಿ ಇದು ಕಂಡಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇನ್ನೂ ನಾಲ್ಕೈದು ಜನ ರಾತ್ರಿ ಓಡಾಡ್ತಿರಬಹುದು.

ಅಂದಹಾಗೆ, ಇದು ಕಾಲು ಹಿಡಿದುಕೊಳ್ಳೋದಲ್ಲ. ಅದರಲ್ಲಿ ಮಾಂಸಖಂಡ ಗಂಟಾಗಿ ಕಲ್ಲಿನ ಹಾಗಾಗುತ್ತೆ, ಜೀವ ಹೋಗೋ ಹಾಗೆ ನೋಯುತ್ತೆ. ಸಕ್ಕರೆ ಕಾಯಿಲೆಯವರಿಗೆ ಬರುವ ಪಾದದ ಉರಿಯೂ ಅಲ್ಲ. ಅದು ನಡೆದರೆ ಹೋಗಲ್ಲ.

ಡಾಕ್ಟರು ಬರೆದುಕೊಟ್ಟಿದ್ದು ಫೆರಿಟಿನ್ ಅನ್ನೋ ರಕ್ತ ಪರೀಕ್ಷೆ. ನಾನು ಹೇಳಿದೆ, "ಸರ್, ನನ್ನ ಹಿಮೋಗ್ಲೋಬಿನ್ ಸರಿ ಇದೆ, 12.1." ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಹಿಮೋಗ್ಲೋಬಿನ್ ಅಂದ್ರೆ ಕೈಯಲ್ಲಿರೋ ದುಡ್ಡಮ್ಮ. ಫೆರಿಟಿನ್ ಅಂದ್ರೆ ಪೆಟ್ಟಿಗೆಯಲ್ಲಿರೋದು. ಪೆಟ್ಟಿಗೆ ಖಾಲಿ ಆದ್ರೂ ಸ್ವಲ್ಪ ದಿನ ಕೈಯಲ್ಲಿ ದುಡ್ಡು ಓಡಾಡ್ತಿರುತ್ತೆ."

ನನ್ನ ಫೆರಿಟಿನ್ 11 ಬಂತು.

ಕಾಲಿಗೂ ಕಬ್ಬಿಣಕ್ಕೂ ಏನು ಸಂಬಂಧ? ನಮ್ಮ ಚಲನೆಯನ್ನು ನಿಯಂತ್ರಿಸೋಕೆ ಮಿದುಳಿಗೆ ಡೋಪಮಿನ್ ಬೇಕು. ಅದನ್ನು ತಯಾರಿಸೋಕೆ ಕಬ್ಬಿಣಾಂಶ ಬೇಕು. ಮಿದುಳಿನಲ್ಲಿ ಕಬ್ಬಿಣ ಕಡಿಮೆಯಾದರೆ ಈ ಕಾಯಿಲೆ ಕೆರಳುತ್ತೆ. ಹಾಗಾಗಿ ಈ ತೊಂದರೆ ಇರುವವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ಯೋಚಿಸಬೇಕು ಅಂತ ಈಗಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತೆ. ಲ್ಯಾಬ್ ರಿಪೋರ್ಟಿನಲ್ಲಿ 30 ಇದ್ದರೂ 'ನಾರ್ಮಲ್' ಅಂತಲೇ ಬರಬಹುದು. ನೀವೇ ಕೇಳಬೇಕು.

ಆದರೆ ಡಾಕ್ಟರ ಮುಂದಿನ ಪ್ರಶ್ನೆ ಬೇರೆ ಇತ್ತು. "ಈ ಕಬ್ಬಿಣ ಎಲ್ಲಿ ಹೋಗ್ತಿದೆ?" ನನಗೆ ಮೂರು ವರ್ಷದಿಂದ ಮುಟ್ಟು ಎಂಟು ದಿನ, ವಿಪರೀತ ಸ್ರಾವ. ಈ ವಯಸ್ಸಿಗೆ ಇದೆಲ್ಲ ಸಹಜ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ, ಫೈಬ್ರಾಯ್ಡ್. ಕ್ಯಾನ್ಸರ್ ಅಲ್ಲ, ಚಿಕಿತ್ಸೆ ಆಯಿತು, ಈಗ ಆರಾಮಿದ್ದೀನಿ. ಆದರೆ ಎಲ್ಲರಿಗೂ ಹೀಗೇ ಆಗುತ್ತೆ ಅನ್ನೋ ಹಾಗಿಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಅಂತ ಬಂದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ಸದ್ದಿಲ್ಲದೆ ರಕ್ತ ಹೋಗ್ತಿದೆಯಾ ಅಂತ ನೋಡಲೇಬೇಕು. ಅದು ಹುಣ್ಣಿರಬಹುದು, ಕ್ಯಾನ್ಸರೂ ಇರಬಹುದು. ಅಂಥವರು ಹದಿನಾಲ್ಕು ತಿಂಗಳು ಎಣ್ಣೆ ತಿಕ್ಕುತ್ತಾ, ಗುಳಿಗೆ ಚಪ್ಪರಿಸುತ್ತಾ ಕೂತರೆ ಏನಾಗುತ್ತೆ ಯೋಚಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ಹೇಳುವ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. ಹಾಗಾಗಿ ನಮ್ಮಲ್ಲಿ ಈ ಪರೀಕ್ಷೆ ಮೊದಲು ಆಗಬೇಕು.

ಕಬ್ಬಿಣದ ಮಾತ್ರೆ ನೀವಾಗೇ ಅಂಗಡಿಯಿಂದ ತಂದು ನುಂಗಬೇಡಿ. ಹೆಚ್ಚಾದರೆ ಅದೂ ಹಾನಿಯೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಮಾತ್ರೆ ಕೈಗೆ ಸಿಗದ ಹಾಗೆ ಇಡಿ, ಮಕ್ಕಳಿಗೆ ಅದು ವಿಷ. ನನಗೆ ಡಾಕ್ಟರು ದಿನ ಬಿಟ್ಟು ದಿನ ಒಂದು ಮಾತ್ರೆ ಹೇಳಿದರು. ಜೊತೆಗೆ ನಿಂಬೆಹಣ್ಣಿನ ಪಾನಕ. ಸಿ ವಿಟಮಿನ್ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತೆ. ಊಟದ ಜೊತೆಗೆ, ಊಟ ಆದ ತಕ್ಷಣ ಕಾಫಿ, ಟೀ ಬೇಡ ಅಂದರು; ಅವು ಕಬ್ಬಿಣವನ್ನು ಒಳಗೆ ಬಿಡಲ್ಲ. ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ ತಿನ್ನಿ, ಒಳ್ಳೇದೇ. ಆದರೆ ಖಾಲಿಯಾದ ಪೆಟ್ಟಿಗೆ ಬರೀ ಸೊಪ್ಪಿನಿಂದ ಬೇಗ ತುಂಬಲ್ಲ.

ಇನ್ನೊಂದು ತಪ್ಪು ಮಾಡ್ತಿದ್ದೆ. ಹೇಗಾದರೂ ನಿದ್ದೆ ಬರಲಿ ಅಂತ ಅಲರ್ಜಿಗೆ ಕೊಡುವ, ಮಂಪರು ಬರಿಸುವ ಮಾತ್ರೆ ನುಂಗ್ತಿದ್ದೆ. ಆ ಜಾತಿಯ ಮಾತ್ರೆ ಕಾಲಿನ ಚಡಪಡಿಕೆಯನ್ನು ಹೆಚ್ಚಿಸಬಹುದು. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಔಷಧಿಗಳೂ ಹಾಗೇ. ಹಾಗಂತ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಮೂತ್ರಪಿಂಡದ ಕಾಯಿಲೆ ಇರುವವರಲ್ಲೂ, ಗರ್ಭಿಣಿಯರಲ್ಲೂ ಇದು ಹೆಚ್ಚು. ಬಸುರಿಯರಲ್ಲಿ ಸಾಮಾನ್ಯವಾಗಿ ಹೆರಿಗೆ ಆದ ಮೇಲೆ ಇಳಿಯುತ್ತೆ. ಕಬ್ಬಿಣ ಸರಿಯಾಗಿದ್ದೂ ತೊಂದರೆ ಇದ್ದರೆ ಅದಕ್ಕೆ ಬೇರೆ ಔಷಧಿಗಳಿವೆ, ನರರೋಗ ತಜ್ಞರು ನೋಡಿ ಕೊಡ್ತಾರೆ.

ಹಾಗಾದ್ರೆ ಮನೆಮದ್ದು ಬಿಟ್ಟುಬಿಡಬೇಕಾ? ನಾನು ಬಿಟ್ಟಿಲ್ಲ. ಹರಳೆಣ್ಣೆ ಈಗಲೂ ಇದೆ, ತಿಕ್ಕಿದರೆ ಆ ಹೊತ್ತಿಗೆ ಹಿತ. ಬಿಸಿನೀರೂ ಇದೆ, ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಹುಷಾರು, ಸುಟ್ಟುಕೊಂಡರೂ ಗೊತ್ತಾಗಲ್ಲ. ಸಂಜೆ ಅರ್ಧ ಗಂಟೆ ನಡೀತೀನಿ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಇವು ಯಾವುದೂ ದುಡ್ಡು ಕೇಳಲ್ಲ, ಹಾನಿ ಮಾಡಲ್ಲ. ಆದರೆ ಮೇಲೆ ಹೆಸರು, ಪಟ್ಟಿ ಏನೂ ಇಲ್ಲದ ಪುಡಿ, ಭಸ್ಮ ಮಾತ್ರ ಬೇಡ. ಅಂಥ ಕೆಲವದರಲ್ಲಿ ಸೀಸ ಸಿಕ್ಕಿದ್ದಿದೆ. ಸೀಸದಿಂದಲೇ ರಕ್ತಹೀನತೆ ಬರುತ್ತೆ.

ಮೂರು ತಿಂಗಳ ಮೇಲೆ ನನ್ನ ಫೆರಿಟಿನ್ 46ಕ್ಕೆ ಬಂತು, ಎಂಟು ತಿಂಗಳಿಗೆ 80. ಕಾಲು ಪೂರ್ತಿ ಸುಮ್ಮನಾಗಿಲ್ಲ. ವಾರಕ್ಕೆ ಐದಾರು ರಾತ್ರಿ ಇದ್ದದ್ದು ಈಗ ಒಂದು, ಕೆಲವು ವಾರ ಅದೂ ಇಲ್ಲ.

ಮುಗಿಸುವ ಮುಂಚೆ ಒಂದು ವಿಷಯ. ನಮ್ಮ ಅಜ್ಜಿ, ಅಮ್ಮನ ತಾಯಿ, ರಾತ್ರಿಯೆಲ್ಲ ಜಗಲಿಯ ಮೇಲೆ ಓಡಾಡ್ತಿದ್ದರು. ಮಕ್ಕಳೆಲ್ಲ ಹೆದರುತ್ತಿದ್ದೆವು. ಅಜ್ಜಿಗೆ ಏನೋ ಚಿಂತೆ ಅಂತ ಕೆಲವರು, ಗಾಳಿ ಸೋಕಿದೆ ಅಂತ ಕೆಲವರು ಅನ್ನೋರು. ಈ ಕಾಯಿಲೆ ಎಷ್ಟೋ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತೆ ಅಂತ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಜಗಲಿ. ಏಳು ಮಕ್ಕಳನ್ನು ಹೆತ್ತವರು ಅವರು. ಅವರ ರಕ್ತ ಯಾರೂ ಪರೀಕ್ಷೆ ಮಾಡಲಿಲ್ಲ.

ಹೋದ ತಿಂಗಳು ನನ್ನ ಮಗಳು, ಪಿಯುಸಿ ಓದ್ತಿದ್ದಾಳೆ, ಓದೋಕೆ ಕೂತವಳು ಎದ್ದೆದ್ದು ಓಡಾಡ್ತಿದ್ದಳು. "ಯಾಕೆ ಪುಟ್ಟಿ?" ಅಂದೆ. "ಕಾಲೊಳಗೆ ಏನೋ ಹರಿಯುತ್ತೆ ಅಮ್ಮ" ಅಂದಳು. ದರಿದ್ರ ಬರುತ್ತೆ ಅಂತ ನಾನು ಗದರಲಿಲ್ಲ. ಮಾರನೇ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದೆ.

ನಿಮ್ಮ ಮನೆಯಲ್ಲೂ ರಾತ್ರಿ ಯಾರಾದರೂ ಹೀಗೆ ಓಡಾಡ್ತಿದ್ದರೆ ಒಂದು ಸಲ ಕೇಳಿ.